ದೊಡ್ಡಮ್ಮನ ಕಿವಿಗೆ ನೂರು ಸಾಲದು

"ನನಗೆ ಕಿವಿ ಕೇಳಲ್ಲ ಅನ್ನೋದು ಶುದ್ಧ ಸುಳ್ಳು ಕಣೋ. ಈಗಿನ ಜನಕ್ಕೆ ಬಾಯಿ ಬರಲ್ಲ, ಅಷ್ಟೆ."

ಕಾಶಿಯ ಹನುಮಾನ್ ಘಾಟಿನ ಆ ಮನೆಗೆ ಮೊದಲ ಸಲ ಹೋದ ದಿನ ದೊಡ್ಡಮ್ಮ ನನಗೆ ಹೇಳಿದ ಮಾತು ಇದು. ನನ್ನದು ದಾವಣಗೆರೆ ಅಂತ ಅಷ್ಟರಲ್ಲಿ ಮೂರು ಸಲ ಹೇಳಿ ಮುಗಿಸಿದ್ದೆ. ನಾಲ್ಕನೆಯ ಸಲ ಸಿಟ್ಟು ಬಂದು ಕಿರುಚಿದೆ. ಬಾಗಿಲ ಹೊರಗೆ ಗಲ್ಲಿಗೆ ಅಡ್ಡ ಮಲಗಿದ್ದ ಗೂಳಿ ಗಾಬರಿಯಾಗಿ ಎದ್ದು ನಿಂತಿತು. "ಹಾಂ, ಈಗ ಬಂತು ನೋಡು ಬಾಯಿ" ಎಂದು ನಕ್ಕು, ಕೈಕಾಲು ತೊಳೆದು ಬಾ ಎಂದು ಎಲೆ ಹಾಕಿದರು.

ಅವರು ಹೋಗಿ ವರ್ಷಗಳಾದವು. ಅವರ ಬಗ್ಗೆ ಬರೆಯಬೇಕು ಎಂದು ಕೂತಾಗಲೆಲ್ಲಾ ಅವರ ತಿಳಿಸಾರು, ಗೊಜ್ಜು, ಕೈಯಳತೆ ಇವನ್ನೇ ಎರಡು ಪುಟ ಬರೆದು ಎದ್ದುಬಿಡುತ್ತೇನೆ. ಅದು ಕಳ್ಳಾಟ. ಅಡುಗೆ ಬಗ್ಗೆ ಬರೆದರೆ ಹಾಡಿನ ಬಗ್ಗೆ ಬರೆಯುವುದು ತಪ್ಪುತ್ತದಲ್ಲ, ಅದಕ್ಕೆ. ಈ ಸಲ ಅಡುಗೆಯನ್ನು ಇಲ್ಲಿಗೇ ಬಿಡುತ್ತೇನೆ.

ದೊಡ್ಡಮ್ಮ ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಅವರ ಯಜಮಾನರು ಕರ್ನಾಟಕದ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಎಲ್ಲಾ ಮಾಡಿಸುವ ಪುರೋಹಿತರು. ನಾಲ್ಕೈದು ತಲೆಮಾರಿನಿಂದ ಕಾಶಿಯಲ್ಲೇ ಇದ್ದ ಮನೆ. ಮಹಡಿಯ ಮೇಲೆ ಯಾತ್ರಿಕರ ಕೋಣೆಗಳು, ಕೆಳಗೆ ಅಡುಗೆಮನೆ. ಮೂವತ್ತು ವರ್ಷ ಆ ಅಡುಗೆಮನೆಯಲ್ಲಿ ಭೋರ್ ಎನ್ನುವ ಸೀಮೆಎಣ್ಣೆಯ ಪಂಪ್ ಒಲೆಯ ಮುಂದೆ ನಿಂತು ನಿಂತು ದೊಡ್ಡಮ್ಮನ ಕಿವಿ ಹೋಗಿತ್ತು. ನಮ್ಮ ಕಡೆಯಿಂದ ಬಂದವರಿಗೆಲ್ಲಾ ಅವರು ದೊಡ್ಡಮ್ಮ. ತರಕಾರಿಯವನಿಗೆ, ದೋಣಿಯವನಿಗೆ, ಸೊಸೆಗೆ ಅಮ್ಮಾಜಿ. ನಾನು ಅಸ್ಸಿ ಘಾಟಿನ ಹತ್ತಿರ ಒಂದು ಕೋಣೆ ಹಿಡಿದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡಿಕೊಂಡಿದ್ದೆ. ಐದು ವರ್ಷ, ಪ್ರತಿ ಭಾನುವಾರ ಅಲ್ಲಿ ಊಟ.

ಓದಿದವರು ಅಂದರೆ ಅವರಿಗೆ ಎಂಥ ನಂಬಿಕೆ! ಒಂದು ಸಲ ಬಾಯಿಗೆ ಬಂದಂತೆ, "ಬೇಳೆಗೆ ಮೊದಲೇ ಉಪ್ಪು ಹಾಕಿದ್ರೆ ಬೇಯೋದು ತಡ ಆಗತ್ತಂತೆ ದೊಡ್ಡಮ್ಮ" ಎಂದಿದ್ದೆ. ಎಲ್ಲಿಯೋ ಕೇಳಿದ್ದು, ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಮಾರನೆಯ ಭಾನುವಾರ ಹೋದರೆ ಅಡುಗೆಮನೆಯಲ್ಲಿ ತುಮಕೂರಿನ ಯಾತ್ರಿಕರ ಹೆಂಗಸೊಬ್ಬರಿಗೆ ಪಾಠ ನಡೆಯುತ್ತಿತ್ತು. "ಉಪ್ಪು ಕೊನೇಗೆ ಹಾಕ್ಬೇಕು ಕಣಮ್ಮ. ನಮ್ಮ ಹುಡುಗ ಯೂನಿವರ್ಸಿಟೀಲಿ ನೋಡಿದಾನೆ." ನಾನೇನು ನೋಡಿದ್ದೆ, ನನ್ನ ತಲೆ! ಮೂವತ್ತು ವರ್ಷದ ಅಭ್ಯಾಸವನ್ನು ನನ್ನ ಒಂದು ಮಾತಿಗೆ ಬದಲಿಸಿದ್ದರು. ಆಗ ನನಗೆ ನಗು ಬಂತು. ಎಚ್ಚರ ಬರಬೇಕಿತ್ತು.

ಹಾಡಿನ ಕಥೆ ಹೀಗೆ. ದೊಡ್ಡಮ್ಮನ ಅತ್ತೆ ಒಳ್ಳೆಯ ಹಾಡುಗಾರ್ತಿ. ಹಾಸನದ ಕಡೆಯಿಂದ ಮದುವೆಯಾಗಿ ಬಂದವರು, ಬರುವಾಗ ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು ಎಲ್ಲಾ ತಂದಿದ್ದರು. ಕಾಶಿಗೆ ಬಂದ ಮೇಲೆ ಒಂದು ಹಾಡು ತಾವೇ ಕಟ್ಟಿದರಂತೆ. ಯಾತ್ರೆ ಮುಗಿಸಿದವರು ಗಂಗೆಯನ್ನು ತಾಮ್ರದ ಗಿಂಡಿಯಲ್ಲಿ ತುಂಬಿ ಬಾಯಿಗೆ ಬೆಸುಗೆ ಹಾಕಿಸಿಕೊಂಡು ಹೊರಡುತ್ತಾರಲ್ಲ, ಆ ಮನೆಯಲ್ಲಿ ಮಾತ್ರ ಆಗ ಒಂದು ಪದ್ಧತಿ ಇತ್ತು. ಮನೆಯ ಹೆಂಗಸು ಗಿಂಡಿಗೆ ಅರಿಶಿನ ಕುಂಕುಮ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಹಾಡಿ, ಯಾತ್ರಿಕ ಹೆಂಗಸಿನ ಮಡಿಲಿಗೆ ಇಡಬೇಕು. ಹೆಣ್ಣು ಒಪ್ಪಿಸುವ ಹಾಡಿನ ಧಾಟಿಯಲ್ಲೇ ಇದ್ದ ಅದಕ್ಕೆ ಗಂಗೆ ಒಪ್ಪಿಸುವ ಹಾಡು ಎಂದು ಹೆಸರು. ಅದನ್ನು ಕೇಳುವುದಕ್ಕೇ ಎರಡನೆಯ ಸಲ ಕಾಶಿಗೆ ಬಂದವರಿದ್ದರಂತೆ.

ಬಹಳ ಹಿಂದೆ ಯಾರೋ ಯಾತ್ರಿಕರು ಟೇಪ್ ರೆಕಾರ್ಡರ್ ತಂದು ಮೂರು ದಿನ ಕೂತು ಅತ್ತೆಯ ಹಾಡುಗಳನ್ನೆಲ್ಲಾ ಹಿಡಿದು, ಎಂಟು ಕ್ಯಾಸೆಟ್ಟುಗಳನ್ನು ಈ ಮನೆಯಲ್ಲೇ ಬಿಟ್ಟು ಹೋಗಿದ್ದರು. ಅತ್ತೆ ತೀರಿಕೊಂಡ ಮೇಲೆ ಉಳಿದದ್ದು ಅವೇ. ದೊಡ್ಡಮ್ಮನಿಗೆ ಎಲ್ಲಾ ಹಾಡೂ ಬಾಯಿಪಾಠ, ಆದರೆ ಹಾಡಲು ಬಾರದು. "ನಂದು ಪಾತ್ರೆ ಉಜ್ಜೋ ಗಂಟಲು. ನನ್ನಿಂದ ಸೊಸೆ ಕಲಿತ್ರೆ ಹಾಡು ಕೆಡತ್ತೆ. ಅವಳು ಕ್ಯಾಸೆಟ್ಟು ಕೇಳಿ ನಮ್ಮತ್ತೆ ಹತ್ರಾನೇ ಕಲೀಲಿ" ಎನ್ನುತ್ತಿದ್ದರು.

ಸೊಸೆ ಪ್ರಯಾಗದ ಹುಡುಗಿ. ಮೂರು ತಲೆಮಾರಿನ ಹಿಂದೆ ಅವಳ ಮನೆಯವರೂ ಕರ್ನಾಟಕದ ಕಡೆಯವರೇ, ಆದರೆ ಆಕೆಗೆ ಕನ್ನಡ ಬಾ, ಹೋಗು, ಊಟ, ತಪ್ಪಾಯ್ತು ಇಷ್ಟರಲ್ಲೇ ಮುಗಿಯುತ್ತಿತ್ತು. ಗಂಟಲು ಮಾತ್ರ ಬೆಲ್ಲ. ಕಿವಿಯೂ ಅಷ್ಟೇ ಚುರುಕು. ಅರ್ಥ ಗೊತ್ತಿಲ್ಲದಿದ್ದರೂ ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುತ್ತಿದ್ದಳು. ದೊಡ್ಡಮ್ಮನಿಗೆ ಇದ್ದ ಆಸೆ ಒಂದೇ. ಕ್ಯಾಸೆಟ್ಟು ಕೆಡುವ ಮುಂಚೆ, ತಮ್ಮ ಕಿವಿ ಪೂರ್ತಿ ಹೋಗುವ ಮುಂಚೆ, ಅತ್ತೆಯ ಗಂಟಲು ಸೊಸೆಯ ಗಂಟಲಿಗೆ ಬರಬೇಕು.

ನಾನು ಈ ವಿಚಾರದೊಳಕ್ಕೆ ಬಂದದ್ದು ಕಂಪ್ಯೂಟರಿನ ಮೂಲಕ. ಎರಡು ಸಾವಿರದ ಎಂಟರ ಸುಮಾರು. ಯಾತ್ರಿಕರ ಪತ್ರವ್ಯವಹಾರಕ್ಕೆ ಎಂದು ಅವರ ಮಗ ಒಂದು ಹಳೆಯ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟಿದ್ದ. ಬಂದವರೆಲ್ಲಾ ಫೋಟೋ ಹಾಕಿಕೊಡಿ ಎಂದು ಪೆನ್ ಡ್ರೈವ್ ಚುಚ್ಚಿ ಅದಕ್ಕೆ ಇಲ್ಲದ ರೋಗ ಹಚ್ಚಿದ್ದರು. ನಾನು ಎಲ್ಲಾ ಅಳಿಸಿ ಲಿನಕ್ಸ್ ಹಾಕಿಕೊಟ್ಟೆ. ಶುರುವಾಗುವಾಗ ಪರದೆಯ ಮೇಲೆ ಬರುವಂತೆ ಅದರ ಪೆಂಗ್ವಿನ್ ಚಿತ್ರ ಇಟ್ಟಿದ್ದೆ.

"ಇದ್ಯಾವ ಕಾಗೇನೋ, ಹೊಟ್ಟೆ ಬೆಳ್ಳಗಿದೆ?"

"ಕಾಗೆ ಅಲ್ಲ ದೊಡ್ಡಮ್ಮ. ಹಿಮದ ದೇಶದ ಹಕ್ಕಿ."

"ಅಯ್ಯೋ ಪಾಪ, ಹಿಮದಲ್ಲಿದ್ದದ್ದನ್ನ ತಂದು ಈ ಕಾಶಿ ಸೆಕೇಲಿ ಕೂರ್ಸಿದ್ಯಾ?"

ಆಮೇಲೆ ಆ ಕಂಪ್ಯೂಟರಿಗೆ ಮನೆಯಲ್ಲಿ ಕಾಗೆ ಎಂದೇ ಹೆಸರಾಯಿತು. ಕಾಗೆ ಎಬ್ಬಿಸು, ಕಾಗೆ ಮಲಗಿಸು.

ಮೊದಲನೆಯ ಎರಡು ಕ್ಯಾಸೆಟ್ಟುಗಳನ್ನು ಎರಡು ಭಾನುವಾರ ಕೂತು ಕಂಪ್ಯೂಟರಿಗೆ ಇಳಿಸಿದೆ. ಟೇಪ್ ರೆಕಾರ್ಡರಿನಿಂದ ಒಂದು ವೈರು, ಕಿವಿಗೆ ನಾನು ಹೆಡ್‌ಫೋನ್ ಹಾಕಿಕೊಂಡು, ದನಿ ತುಂಬುವ ಮಟ್ಟವನ್ನು ತಗ್ಗಿನಲ್ಲೇ ಇಟ್ಟು, ಒಂದೊಂದು ಹಾಡೂ ಜೋಪಾನವಾಗಿ. ಈ ಎರಡರ ವಿಷಯದಲ್ಲಿ ನನ್ನ ಮೇಲೆ ಯಾವ ದೂರೂ ಇಲ್ಲ. ಮುಗಿದ ಮೇಲೆ ದೊಡ್ಡಮ್ಮನನ್ನು ಕರೆದು ಕೂರಿಸಿ ಹಾಡು ಹಚ್ಚಿದೆ. ಪರದೆಯ ಮೂಲೆಯ ಸ್ಪೀಕರ್ ಚಿತ್ರ ಒತ್ತಿ ದನಿ ಏರಿಸುವ ಪಟ್ಟಿಯನ್ನು ಪೂರ್ತಿ ಮೇಲಕ್ಕೆ ಎಳೆದೆ.

"ಇನ್ನೂ ಸ್ವಲ್ಪ."

"ಅಷ್ಟೇ ದೊಡ್ಡಮ್ಮ, ನೂರು ಆಯ್ತು. ಮುಗೀತು."

"ನೂರಕ್ಕೆ ಮುಗಿಯೋಕೆ ಇದೇನು ಪರೀಕ್ಷೇನೇನೋ? ಮುಂದಕ್ಕೆ ತಳ್ಳು."

ಸ್ಪೀಕರ್ ಡಬ್ಬಿಯ ಹಿಂದಿನ ತಿರುಪನ್ನೂ ಪೂರ್ತಿ ತಿರುಗಿಸಿ ಬಂದೆ. ಆಗ ಆದ ಅನಾಹುತ ಏನೆಂದರೆ, ಯಾರದೋ ಮೇಲ್ ಬಂದು ಅದರ ಗಂಟೆ 'ಟಣ್' ಎಂದು ಹೊಡೆಯಿತು. ಒಳಗೆ ಸಂಧ್ಯಾವಂದನೆಗೆ ಕೂತಿದ್ದ ಯಜಮಾನರು ಹೌಹಾರಿ ಪಂಚಪಾತ್ರೆಯ ನೀರನ್ನೆಲ್ಲಾ ಮಡಿಲಿಗೆ ಚೆಲ್ಲಿಕೊಂಡರು. "ಆ ಕಾಗೆಯನ್ನು ಗಂಗೆಗೆ ಹಾಕಿ!" ಎಂದು ಒಳಗಿನಿಂದಲೇ ಕೂಗಿದರು. ದೊಡ್ಡಮ್ಮನಿಗೆ ಗಂಟೆಯೂ ಕೇಳಲಿಲ್ಲ, ಅವರ ಕೂಗೂ ಕೇಳಲಿಲ್ಲ.

ನಾನು ಮಾರನೆಯ ವಾರ ಹುಡುಕಿ ಇನ್ನೊಂದು ಪುಟ್ಟ ತಂತ್ರಾಂಶ ಹಾಕಿದೆ. ಲಿನಕ್ಸಿನಲ್ಲಿ ಅದು ಆಗಷ್ಟೇ ಬಂದಿತ್ತು. ಅದರ ಕಿಟಕಿ ತೆರೆದರೆ ಆ ಹೊತ್ತಿಗೆ ಸದ್ದು ಮಾಡುತ್ತಿರುವ ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆ ಪಟ್ಟಿ. ಹಾಡಿಗೆ ಒಂದು, ಮೇಲ್ ಗಂಟೆಗೆ ಒಂದು, ಮಗ ಇಂಟರ್ನೆಟ್ಟಿನಲ್ಲಿ ಯಾತ್ರಿಕರ ಜೊತೆ ಮಾತನಾಡುವುದಕ್ಕೆ ಇನ್ನೊಂದು. ಅದಕ್ಕಿಂತ ದೊಡ್ಡ ವಿಷಯವೆಂದರೆ ಪಟ್ಟಿ ನೂರಕ್ಕೆ ನಿಲ್ಲುತ್ತಿರಲಿಲ್ಲ. ನೂರರ ಹತ್ತಿರ ಒಂದು ಗೆರೆ ಇರುತ್ತಿತ್ತು, ಅದನ್ನು ದಾಟಿ ನೂರೈವತ್ತರವರೆಗೂ ಎಳೆಯಬಹುದಿತ್ತು. ಮೇಲ್ ಗಂಟೆಯನ್ನು ಸೊನ್ನೆಗೆ ಇಳಿಸಿ ಹಾಡನ್ನು ಗೆರೆ ದಾಟಿಸಿದೆ.

ದೊಡ್ಡಮ್ಮ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಕಿವಿಗೆ ಸಾಲದ್ದನ್ನು ಕೈಯಿಂದ ಕೇಳುವುದು ಅವರ ಅಭ್ಯಾಸ. ಮಗುವಿನ ಜ್ವರ ನೋಡುವ ಹಾಗೆ ಇಟ್ಟುಕೊಳ್ಳುತ್ತಿದ್ದರು. ಹಾಡು ಗೆರೆ ದಾಟಿದ್ದೇ ಅವರ ಮುಖ ಬದಲಾಯಿತು. "ಅತ್ತೆ!" ಎಂದರು. ಕಣ್ಣಲ್ಲಿ ನೀರು ತುಂಬಿತು. ಸೊಸೆಯನ್ನು ಕೂಗಿ ಕರೆದು, "ಸುನೋ, ಸುನೋ, ಯಹೀ ಹೈ" ಎಂದು ಅವಳ ಕೈಯನ್ನೂ ಹಿಡಿದು ಸ್ಪೀಕರಿನ ಮೇಲೆ ಇಟ್ಟರು.

ಆ ಕಿಟಕಿಯನ್ನು ಅವರು ಎಷ್ಟು ಬೇಗ ಕಲಿತರೆಂದರೆ ನನಗೇ ಆಶ್ಚರ್ಯ. "ರೇಡಿಯೋಗೆ ಒಂದೇ ಕಿವಿ ಇತ್ತು ಕಣೋ. ಇದಕ್ಕೆ ಮನೆ ಮಂದಿಯಷ್ಟು ಕಿವಿ. ಯಾರು ಗಲಾಟೆ ಮಾಡ್ತಾರೋ ಅವರದ್ದು ಹಿಂಡಿದ್ರಾಯ್ತು" ಎನ್ನುತ್ತಿದ್ದರು. ಮಗನ ಇಂಟರ್ನೆಟ್ ಫೋನಿನ ಪಟ್ಟಿಯನ್ನೂ ಗುಟ್ಟಾಗಿ ಗೆರೆ ದಾಟಿಸಿ ಇಟ್ಟಿದ್ದರು. ಒಂದು ದಿನ ತಿಪಟೂರಿನ ಯಾತ್ರಿಕರೊಬ್ಬರ ಹೆಂಡತಿ ಅದರಲ್ಲಿ ಮಾತನಾಡುತ್ತಾ, "ಹೋದ ಸಲ ನಿಮ್ಮ ಮನೇಲಿ ಸಾರು ಸ್ವಲ್ಪ ಉಪ್ಪಾಗಿತ್ತು" ಎಂದರು. ಅಡುಗೆಮನೆ ಬಾಗಿಲಿಂದಲೇ ದೊಡ್ಡಮ್ಮ, "ಉಪ್ಪಾದ ಸಾರನ್ನ ನಿಮ್ಮ ಯಜಮಾನ್ರು ಮೂರು ಸಲ ಹಾಕಿಸ್ಕೊಂಡ್ರಲ್ಲಮ್ಮ, ಅವರನ್ನ ಕೇಳು!" ಎಂದು ಕೂಗಿದರು. ತಿಪಟೂರಿನಲ್ಲಿ ಅದು ಚೆನ್ನಾಗಿಯೇ ಕೇಳಿಸಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನನ್ನ ಪ್ರಬಂಧ ಮುಗಿದು ಮೌಖಿಕ ಪರೀಕ್ಷೆಯೂ ಆಯಿತು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ, ಇಂಥ ದಿನದೊಳಗೆ ಬಂದು ಸೇರಿಕೊಳ್ಳಿ ಎಂದು ಪತ್ರ ಬಂತು. ಆರು ಕ್ಯಾಸೆಟ್ಟು ಬಾಕಿ ಇದ್ದವು. ಇವತ್ತು ನಾಳೆ ಎಂದು ಮುಂದಕ್ಕೆ ತಳ್ಳಿ ತಳ್ಳಿ, ಕೊನೆಗೆ ಹೊರಡುವ ದಿನ ಬೆಳಿಗ್ಗೆ ಹನುಮಾನ್ ಘಾಟಿಗೆ ಓಡಿದೆ. ಸಂಜೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು. ಒಂದು ಗಂಟೆಯ ಕ್ಯಾಸೆಟ್ಟು ಇಳಿಸಲು ಒಂದು ಗಂಟೆಯೇ ಬೇಕು, ಅದರಲ್ಲಿ ಅವಸರ ಮಾಡಲು ಬರುವುದಿಲ್ಲ. ಆರು ಗಂಟೆ ಕೂರಬೇಕು, ಮಧ್ಯೆ ಅಸ್ಸಿಗೆ ಹೋಗಿ ಸಾಮಾನು ಕಟ್ಟಬೇಕು.

ಆ ದಿನ ದೊಡ್ಡಮ್ಮ ಒಲೆಯ ಕೆಲಸವನ್ನೆಲ್ಲಾ ಸೊಸೆಗೆ ಒಪ್ಪಿಸಿ ಬಂದು ನನ್ನ ಪಕ್ಕದಲ್ಲೇ ಕೂತರು. ಹಾಡು ಇಳಿಯುತ್ತಿರುವಾಗಲೇ ಕೇಳಬೇಕು ಅವರಿಗೆ. ಹೆಡ್‌ಫೋನ್ ಪಕ್ಕಕ್ಕಿಟ್ಟು ಸ್ಪೀಕರಿಗೆ ಬಿಟ್ಟೆ. ಕೇಳುವ ಪಟ್ಟಿಯನ್ನು ತುದಿಯವರೆಗೂ ಎಳೆದೆ. ಅಂಗೈ ಇಟ್ಟು ನೋಡಿ, "ಇನ್ನೂ ಸ್ವಲ್ಪ" ಎಂದರು. ಅಲ್ಲಿ ಇನ್ನು ಜಾಗವಿರಲಿಲ್ಲ. ಅದೇ ಕಿಟಕಿಯ ಇನ್ನೊಂದು ಪುಟದಲ್ಲಿ ಒಳಗೆ ತುಂಬುವ ದನಿಗೆ ಬೇರೆ ಪಟ್ಟಿ ಇತ್ತು. ನಾನು ಅದನ್ನೂ ಗೆರೆ ದಾಟಿಸಿದೆ.

ಹಾಗೆ ಮಾಡಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕೇಳುವಾಗ ಎಷ್ಟು ಜೋರು ಮಾಡಿದರೂ ಹಾಡಿಗೆ ಏನೂ ಆಗುವುದಿಲ್ಲ, ಬೇಕಾದಾಗ ತಗ್ಗಿಸಬಹುದು. ತುಂಬುವಾಗ ಜೋರು ಮಾಡಿದರೆ, ಸೇರಿನ ಮೇಲೆ ಗೋಪುರವಾದ ಅಕ್ಕಿಯನ್ನು ಕೈಯಲ್ಲಿ ಸವರಿ ಹಾಕುವ ಹಾಗೆ, ಯಂತ್ರ ಅಳತೆ ಮೀರಿದ ದನಿಯ ತಲೆಯನ್ನು ಸವರಿಬಿಡುತ್ತದೆ. ಆಮೇಲೆ ಎಷ್ಟು ತಗ್ಗಿಸಿದರೂ ಸವರಿ ಹೋದದ್ದು ಬರುವುದಿಲ್ಲ. ಅತ್ತೆಯ ದನಿ ಮೇಲಕ್ಕೆ ಏರಿದಲ್ಲೆಲ್ಲಾ ಒಡೆದು ಗರಗರ ಎನ್ನುತ್ತದೆ.

ಆ ದಿನವೂ ಗರಗರ ಎನ್ನುತ್ತಿತ್ತು. ಆದರೆ ಆ ಬಡ ಸ್ಪೀಕರನ್ನು ನೂರೈವತ್ತಕ್ಕೆ ಇಟ್ಟರೆ ಯಾವ ಹಾಡಾದರೂ ಗರಗರ ಎನ್ನುತ್ತಿತ್ತು. ತಿಂಗಳುಗಟ್ಟಲೆ ಕೇಳಿ ನಮಗೆ ಅದು ರೂಢಿಯಾಗಿತ್ತು. ಸ್ಪೀಕರಿನದ್ದು ಎಂದುಕೊಂಡೆ. ಒಂದೇ ಒಂದು ನಿಮಿಷ ಹೆಡ್‌ಫೋನ್ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು. ಹಾಕಲಿಲ್ಲ. ಆರೂ ಕ್ಯಾಸೆಟ್ಟು ಹಾಗೆಯೇ ಇಳಿದವು, ಗಂಗೆ ಒಪ್ಪಿಸುವ ಹಾಡೂ ಅದರಲ್ಲೇ ಇತ್ತು. ಎಲ್ಲವನ್ನೂ ನನಗೂ ಒಂದು ಪ್ರತಿ ಮಾಡಿಕೊಂಡೆ.

ಹೊರಡುವಾಗ ಕಾಲಿಗೆ ಬಿದ್ದೆ. ದೊಡ್ಡಮ್ಮ ಕ್ಯಾಸೆಟ್ಟಿನ ಡಬ್ಬಿ ಹಿಡಿದುಕೊಂಡು, "ಇವನ್ನೇನು ಮಾಡ್ಲೋ?" ಎಂದರು.

"ಇನ್ನು ಅವು ಬೇಕಿಲ್ಲ ದೊಡ್ಡಮ್ಮ. ಎಲ್ಲಾ ಕಾಗೆ ಹೊಟ್ಟೇಲಿದೆ" ಎಂದೆ, ಜೋರಾಗಿ.

ಕಾಶಿಯವರ ಹತ್ತಿರ ಹಾಗೆ ಹೇಳಬಾರದು. ಅಲ್ಲಿ ಭಿನ್ನವಾದ ವಿಗ್ರಹ, ಹರಿದ ಪಂಚಾಂಗ, ಹಳೆಯ ದೇವರ ಪಟ ಯಾವುದನ್ನೂ ಯಾರೂ ಗುಜರಿಗೆ ಹಾಕುವುದಿಲ್ಲ. ಬೇಕಿಲ್ಲದ ಪೂಜ್ಯ ವಸ್ತುವಿಗೆ ಅಲ್ಲಿ ಇರುವುದು ಒಂದೇ ಜಾಗ. ಐದು ವರ್ಷ ಅಲ್ಲಿದ್ದು ನನಗೆ ಇಷ್ಟು ಗೊತ್ತಿರಬೇಕಿತ್ತು.

ದಾವಣಗೆರೆಯಲ್ಲಿ ಮನೆ ಮಾಡಿ, ಸಾಮಾನು ಬಿಚ್ಚಿ, ಒಂದು ಭಾನುವಾರ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಹಚ್ಚಿದೆ. ಮೊದಲ ಸಾಲು ಚೆನ್ನಾಗಿತ್ತು. ಎರಡನೆಯ ಸಾಲು ಮೇಲಕ್ಕೆ ಹೋಗುತ್ತಿದ್ದ ಹಾಗೆ ದನಿ ಒಡೆಯಿತು. ಪಟ್ಟಿ ತಗ್ಗಿಸಿದೆ. ಒಡೆದದ್ದು ಸಣ್ಣಗೆ ಕೇಳಿಸಿತು, ಅಷ್ಟೆ. ಆರೂ ಕ್ಯಾಸೆಟ್ಟಿನ ಹಾಡು ತೆಗೆದು ತೆಗೆದು ನೋಡಿದೆ. ಎಲ್ಲವೂ ಹಾಗೇ. ಹೋಗಲಿ, ಕ್ಯಾಸೆಟ್ಟುಗಳಿವೆಯಲ್ಲ, ರಜೆಯಲ್ಲಿ ಹೋಗಿ ಮತ್ತೆ ಇಳಿಸಿದರಾಯಿತು ಎಂದು ಆಗಲೇ ಫೋನ್ ಮಾಡಿದೆ. ಮಗ ಎತ್ತಿ ತಾಯಿಗೆ ಕೊಟ್ಟ.

"ಕ್ಯಾಸೆಟ್ಟು ಜೋಪಾನವಾಗಿ ಇಟ್ಟಿದೀರಾ ದೊಡ್ಡಮ್ಮ?"

"ಯಾವುದೋ?"

"ಕ್ಯಾಸೆಟ್ಟು! ಹಾಡಿನ ಕ್ಯಾಸೆಟ್ಟು!"

"ಓ, ಅದಾ? ಕಾರ್ತೀಕ ಹುಣ್ಣಿಮೆ ದಿನ ಗಂಗೆಗೆ ಬಿಟ್ಟೆ ಕಣೋ. ಕೆಂಪು ಬಟ್ಟೇಲಿ ಕಟ್ಟಿ, ಅರಿಶಿನ ಕುಂಕುಮ ಇಟ್ಟು, ದೋಣೀಲಿ ನಡುನೀರಿಗೇ ಹೋಗಿ ಬಿಟ್ಟೆ. ಅತ್ತೆಗೆ ಸೀರೆ ಉಡಿಸಿದ ಹಾಗಾಯ್ತು. ಘಾಟಿನ ತುಂಬಾ ದೀಪ, ನೀನಿರಬೇಕಿತ್ತು. ಯಾಕೆ, ಬೇಕಿತ್ತಾ? ನೀನೇ ಬೇಡ ಅಂದ್ಯಲ್ಲ?"

"ಇಲ್ಲ ದೊಡ್ಡಮ್ಮ. ಸುಮ್ನೆ ಕೇಳ್ದೆ" ಎಂದೆ.

ಅಂದು ಹೇಳಲಿಲ್ಲ. ಹೇಳಿ ಏನು ಪ್ರಯೋಜನ, ಮುದುಕಿಗೆ ಸಂಕಟ ಯಾಕೆ ಕೊಡಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರಿಗಂತೂ ಒಡಕು ಕೇಳಿಸುವುದಿಲ್ಲ, ಸಂತೋಷವಾಗಿದ್ದಾರೆ, ಇರಲಿ ಎಂದುಕೊಂಡೆ. ಇದು ದಯೆ ಎಂದು ಆಗ ನಿಜವಾಗಿ ನಂಬಿದ್ದೆ. ಈಗ ನೋಡಿದರೆ ಬರೀ ಪುಕ್ಕಲುತನ. ಅವರ ಬಾಯಲ್ಲಿ "ನಮ್ಮ ಹುಡುಗ" ಆಗಿಯೇ ಇರಬೇಕಿತ್ತು ನನಗೆ.

ಸಂಕ್ರಾಂತಿಗೆ ಅವರೇ ಫೋನ್ ಮಾಡಿಸಿದರು. ಎಳ್ಳು ಬೆಲ್ಲದ ಮಾತೆಲ್ಲಾ ಆದ ಮೇಲೆ, "ಅಲ್ಲಾ ಕಣೋ, ಸೊಸೆ ಹೇಳ್ತಾಳೆ, ಕೆಲವು ಹಾಡಲ್ಲಿ ಅತ್ತೆ ದನಿ ಒರಟು ಅಂತ. ಹೌದೇನೋ?" ಎಂದು ಕೇಳಿದರು.

ದೇವರು ಬಾಗಿಲು ತೆರೆದು ನಿಂತ ಹಾಗೆ ಇತ್ತು. ಹೇಳಿಬಿಡಬಹುದಿತ್ತು.

"ಕ್ಯಾಸೆಟ್ಟು ಹಳೇದಲ್ವಾ ದೊಡ್ಡಮ್ಮ" ಎಂದೆ. ಅವರಿಗೆ ಕೇಳಿಸಲಿಲ್ಲ. "ಏನಂದೆ?" ಎಂದರು. "ಅತ್ತೇದು ಅದೇ ದನಿ, ಸರಿಯಾಗೇ ಇದೆ!" ಎಂದು ಕೂಗಿದೆ. ಆ ಸುಳ್ಳನ್ನು ಜೋರಾಗಿ ಹೇಳುವುದು ಮಾತ್ರ ನನಗೆ ಕಷ್ಟವಾಗಲಿಲ್ಲ.

"ಸರಿ ಹಾಗಾದ್ರೆ" ಎಂದರು.

ಆ ವರ್ಷ ಮಳೆಗಾಲದಲ್ಲಿ, ಗಂಗೆ ಮೆಟ್ಟಿಲೆಲ್ಲಾ ಮುಳುಗಿಸಿ ಗಲ್ಲಿಯ ಬಾಯಿಗೆ ಬಂದಿದ್ದಾಗ, ದೊಡ್ಡಮ್ಮ ಹೋದರು. ಎರಡು ದಿನದ ಜ್ವರ. ಮಗ ಫೋನಿನಲ್ಲಿ ಅತ್ತ. ನನಗೆ ಹೋಗಲಾಗಲಿಲ್ಲ. ಡಿಸೆಂಬರ್ ರಜೆಯಲ್ಲಿ ಹೋದೆ.

ಮನೆ ಹಾಗೆಯೇ ಇತ್ತು. ಗೋಡೆಯ ಮೇಲೆ ಅತ್ತೆಯ ಫೋಟೋದ ಪಕ್ಕದಲ್ಲಿ ದೊಡ್ಡಮ್ಮನ ಫೋಟೋ. ಯಜಮಾನರು ಸೋತಿದ್ದರು, ಸುಮ್ಮನೆ ನನ್ನ ಬೆನ್ನು ಸವರಿದರು. ಅಂದು ಬೆಳಿಗ್ಗೆ ಚಿತ್ರದುರ್ಗದ ಕಡೆಯ ಯಾತ್ರಿಕರು ಹೊರಡುವವರಿದ್ದರು. ಗಿಂಡಿಗಳನ್ನು ಸಾಲಾಗಿ ಮಣೆಯ ಮೇಲೆ ಇಟ್ಟಿದ್ದರು. ಸೊಸೆ ಬಂದು ಅರಿಶಿನ ಕುಂಕುಮ ಹಚ್ಚಿ, ಸೆರಗು ಹೊದ್ದು, ಗಂಗೆ ಒಪ್ಪಿಸುವ ಹಾಡು ಶುರು ಮಾಡಿದಳು.

ಎಂಥ ದನಿ! ಒಂದು ಅಕ್ಷರದ ಅರ್ಥ ಗೊತ್ತಿಲ್ಲದವಳು, ಹಾಸನದ ಅಜ್ಜಿಯೊಬ್ಬಳು ಹೇಳುವ ಹಾಗೆ ಒಂದೊಂದು ಅಕ್ಷರವನ್ನೂ ಹೇಳುತ್ತಿದ್ದಳು. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲು ಮೇಲಕ್ಕೆ ಏರುತ್ತಿದ್ದಂತೆ ಅವಳ ಗಂಟಲು ಒಡೆಯಿತು. ಗರಗರ ಎಂದಿತು, ಕೆಳಗೆ ಇಳಿದಾಗ ಮತ್ತೆ ನುಣುಪಾಯಿತು. ಕೆಮ್ಮು ಬಂದಿರಬೇಕು ಎಂದುಕೊಂಡೆ. ಮೂರನೆಯ ಸಾಲಿನಲ್ಲೂ ಹಾಗೇ. ಐದನೆಯದರಲ್ಲೂ ಹಾಗೇ. ಎಲ್ಲೆಲ್ಲಿ ಒಡೆಯುತ್ತದೆ ಎಂದು ಅವಳಿಗಿಂತ ಮುಂಚೆ ನನಗೆ ಗೊತ್ತಾಗುತ್ತಿತ್ತು. ಆ ಜಾಗಗಳು ನಾನು ಮಾಡಿದ ಜಾಗಗಳು.

ಮಡಿಲಲ್ಲಿ ಗಿಂಡಿ ಇಟ್ಟುಕೊಂಡ ಹೆಂಗಸು ಅಳುತ್ತಿದ್ದಳು. ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ಯಾತ್ರಿಕರು ಹೋದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಕೇಳಿದೆ. "ಭಾಭಿ, ಮೇಲೆ ಹೋಗುವಾಗ ಗಂಟಲು ಯಾಕೆ ಹಾಗೆ ಮಾಡ್ತೀರಿ?"

ಅವಳ ಮುಖ ಅರಳಿತು. "ಗೊತ್ತಾಯ್ತಾ ನಿಮಗೆ? ಅದೇ ಎಲ್ಲಕ್ಕಿಂತ ಕಷ್ಟ ಭೈಯಾ. ದಾದೀಜಿ ಹಾಗೇ ಹಾಡಿದಾರಲ್ಲ. ಅದು ಬರೋಕೆ ನನಗೆ ತಿಂಗಳುಗಟ್ಟಲೆ ಬೇಕಾಯ್ತು, ಗಂಟಲು ನೋವು ಬೇರೆ. ಮೊದಮೊದಲು ಅಮ್ಮಾಜಿ ಒಪ್ಪಲೇ ಇಲ್ಲ."

"ಒಪ್ಪಲಿಲ್ವಾ?"

"ನಾನು ಹಾಡುವಾಗ ನನ್ನ ಗಂಟಲ ಮೇಲೆ ಅಂಗೈ ಇಟ್ಟುಕೊಂಡು ಕೂತಿರೋರು. ಅಲ್ಲಿಗೆ ಬಂದ ತಕ್ಷಣ ಕೈ ತೆಗೆದು, ನಹೀ, ಇಲ್ಲಿ ಹೀಗಿಲ್ಲ, ಇಲ್ಲಿ ಅತ್ತೆ ಬೆಣ್ಣೆ ಹಾಗೆ ಹೋಗ್ತಿದ್ರು ಅನ್ನೋರು. ನಾನು ಕಂಪ್ಯೂಟರ್ ಹಚ್ಚಿ ಅವರ ಕೈನ ಸ್ಪೀಕರಿನ ಮೇಲೆ ಇಡ್ತಿದ್ದೆ. ನೋಡಿ ಅಮ್ಮಾಜಿ, ಇದರಲ್ಲೂ ಹಾಗೇ ಇದೆ. ಎಷ್ಟೋ ದಿನ ನಮ್ಮಿಬ್ಬರಿಗೂ ಇದೇ ಜಗಳ. ಸಂಕ್ರಾಂತಿ ದಿನ ನಿಮಗೆ ಫೋನ್ ಮಾಡಿದ್ರಲ್ಲ, ಅವತ್ತು ಮುಗೀತು. ಫೋನ್ ಇಟ್ಟು ಬಂದು ಇನ್ನೊಂದು ಸಲ ಸ್ಪೀಕರಿನ ಮೇಲೆ ಕೈ ಇಟ್ಟು ನೋಡಿದ್ರು. ಆಮೇಲೆ, ನನಗೇ ಮರೆತಿರಬೇಕು ಬೇಟಾ, ಹುಡುಗ ಯೂನಿವರ್ಸಿಟೀಲಿ ಓದಿದವನು, ಅವನು ತಪ್ಪು ಹೇಳಲ್ಲ, ನೀನು ಹಾಗೇ ಹಾಡು ಅಂದ್ರು."

ಅವಳು ಕೈ ಒರೆಸಿಕೊಳ್ಳುತ್ತಾ ನಡುಮನೆಯ ಫೋಟೋಗಳ ಕಡೆ ನೋಡಿದಳು.

"ಒಂದು ವಿಷಯ ನಿಮ್ಮನ್ನ ಕೇಳಬೇಕು ಅಂತಿದ್ದೆ ಭೈಯಾ. ಅವತ್ತಿಂದ ದಿನಾ ದೀಪ ಹಚ್ಚಿದ ಮೇಲೆ ಅಮ್ಮಾಜಿ ದಾದೀಜಿ ಫೋಟೋ ಮುಂದೆ ನಿಂತು, ಕೆನ್ನೆ ತಟ್ಟಿಕೊಂಡು, ಕನ್ನಡದಲ್ಲಿ ಏನೋ ಹೇಳೋರು. ರೋಜ್ ಅದೇ ಮಾತು. ಕೊನೆಯ ದಿನದವರೆಗೂ. ತಪ್ಪಾಯ್ತು ಅಂದ್ರೆ ಮಾಫಿ ಅಂತ ಗೊತ್ತು. ಉಳಿದದ್ದು ಗೊತ್ತಿಲ್ಲ. ಇವರನ್ನ ಕೇಳಿದ್ರೆ, ಸರಿಯಾಗಿ ಕೇಳಿಸ್ಕೊಳ್ಳದೇನೇ ಏನೋ ದೇವರ ಮಾತಿರಬೇಕು ಅಂದ್ರು. ನಾನು ಹೇಳ್ತೀನಿ, ಅರ್ಥ ಹೇಳಿ."

ಹಾಡನ್ನು ಕಲಿತ ಹಾಗೆಯೇ ಅದನ್ನೂ ಕಲಿತಿದ್ದಳು. ದೊಡ್ಡಮ್ಮನ ಜೋರು, ದೊಡ್ಡಮ್ಮನ ಎಳೆತ, ಎರಡೂ ಕೆನ್ನೆಗೆ ಬೆರಳು ತಟ್ಟಿಕೊಳ್ಳುವುದು, ಎಲ್ಲಾ ಹಾಗೆ ಹಾಗೆಯೇ:

"ಅತ್ತೆ, ನಿಮ್ಮ ದನೀನೇ ಮರೆತುಬಿಟ್ನಲ್ಲ. ನನ್ನದು ತಪ್ಪಾಯ್ತು."

ಹೇಳಿ, ಪಾಠ ಒಪ್ಪಿಸಿದ ಮಗುವಿನ ಹಾಗೆ ನನ್ನ ಮುಖ ನೋಡುತ್ತಾ ನಿಂತಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಅರ್ಥ ಹೇಳಿದೆ. ತಪ್ಪು ಯಾರದು ಎಂಬುದನ್ನೂ ಹೇಳಿದೆ, ಕೊನೆಯ ದಿನದ ಅವಸರ, ಎರಡನೆಯ ಪಟ್ಟಿ, ಗಂಗೆಗೆ ಹೋದ ಕ್ಯಾಸೆಟ್ಟು, ಸಂಕ್ರಾಂತಿಯ ಸುಳ್ಳು, ಒಂದನ್ನೂ ಬಿಡಲಿಲ್ಲ. ಮೊದಲಿನ ಎರಡು ಕ್ಯಾಸೆಟ್ಟಿನಲ್ಲಿ ಇರುವುದೇ ಅವರ ನಿಜವಾದ ದನಿ, ಎಲ್ಲಾ ಹಾಡನ್ನೂ ಆ ಗಂಟಲಲ್ಲೇ ಹಾಡಿ ಎಂದೆ.

ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಒಲೆಯ ಉರಿ ಸಣ್ಣ ಮಾಡಿ, ನನ್ನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು:

"ಅವತ್ತೇ ಇದನ್ನ ಜೋರಾಗಿ ಹೇಳಿದ್ರೆ ಅಮ್ಮಾಜಿಗೆ ಕೇಳಿಸ್ತಿತ್ತು, ಭೈಯಾ."